ಕೌದಿಯ ಹೊಟ್ಟೆ

ಕೆಂಚಕ್ಕ ಕೌದಿ ಹೊಲಿಯಲು ಹಿಡಿಯುವುದು ಅಂಚಿನಿಂದ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕೂ ಅಂಚು ಬಿಗಿದು, ಸುತ್ತು ಹಾಕುತ್ತ ಹಾಕುತ್ತ ಒಳಗೆ ಬರುತ್ತಾಳೆ. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಗುಡೇಕೋಟೆಯ ಅವಳ ಓಣಿಯಲ್ಲಿ ಅದಕ್ಕೆ ಕೌದಿಯ ಹೊಟ್ಟೆ ಅನ್ನುತ್ತಾರೆ. ಹೊಟ್ಟೆಯನ್ನು ಬರಿದಾಗಿ ಮುಚ್ಚುವಂತಿಲ್ಲ. ಜೋಳದ ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯಬೇಕು, ಹೊದ್ದವರು ಹಸಿದು ಮಲಗಬಾರದು ಅಂತ. ಉಗುರಿನಷ್ಟು ಚೂರು, ಅಷ್ಟೇ. ಅದು ಒಣಗಿ ಬಟ್ಟೆಯೊಳಗೇ ಪುಡಿಯಾಗಿ ಹೋಗುತ್ತದೆ. ಕೆಂಚಕ್ಕನ ಅತ್ತೆ ಹಾಗೆ ಮಾಡುತ್ತಿದ್ದಳು. ಆ ಅತ್ತೆ ಕಣ್ಣು ಮುಚ್ಚಿದ ಮೇಲೆ ಮೂವತ್ತೆಂಟು ವರ್ಷ ಕೆಂಚಕ್ಕ ಮಾಡಿದ್ದಾಳೆ. ಅಂಚು ಹೊಲಿಯಲು ಯಾರು ಕೂತರೂ ಸರಿ, ಹೊಟ್ಟೆಯನ್ನು ಮಾತ್ರ ಅವಳು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

ಮೊದಲೆಲ್ಲ ಸುತ್ತಲಿನ ಹಳ್ಳಿಯವರು ಸೀರೆಗಂಟು ತಲೆಯ ಮೇಲೆ ಹೊತ್ತು ಬರುತ್ತಿದ್ದರು. ಈಗ ಗಂಟು ಪಾರ್ಸೆಲ್ಲಿನಲ್ಲಿ ಬರುತ್ತದೆ. ಇದು ಮಾಲಾ ಮಾಡಿದ ಕೆಲಸ. ಮಾಲಾ ಕೆಂಚಕ್ಕನ ತಂಗಿಯ ಮಗಳು, ಪಂಚಾಯ್ತಿ ಗ್ರಂಥಾಲಯದಲ್ಲಿ ಸಂಬಳಕ್ಕಿದ್ದಾಳೆ. ಎರಡು ವರ್ಷದ ಹಿಂದೆ ದೊಡ್ಡವ್ವನನ್ನು ಕೌದಿಯ ಮುಂದೆ ಕೂರಿಸಿ, ಫೋಟೋ ತೆಗೆದು, ಮನೆಯಲ್ಲಿ ಮಾಡಿದ ವಸ್ತು ಮಾರುವ ಒಂದು ಆ್ಯಪಿಗೆ ಹಾಕಿದಳು. ಅಂದಿನಿಂದ ಮುಖ ಕಾಣದವರ ಸೀರೆಗಳು ಬರತೊಡಗಿದವು. ಮುಖ ಕಾಣದಿದ್ದರೇನು, ಸವೆದ ಜಾಗ ನೋಡಿಯೇ ಉಟ್ಟವಳು ಯಾವ ಸೊಂಟದ ಮೇಲೆ ಕೂಸು ಎತ್ತಿದ್ದಳೆಂದು ಕೆಂಚಕ್ಕ ಹೇಳಬಲ್ಲಳು.

ಹರಪನಹಳ್ಳಿ ಹತ್ತಿರದ ಅರಸೀಕೆರೆಯ ಪುಷ್ಪಲತಾ ತನ್ನ ತಾಯಿಯ ಐದು ಸೀರೆ ಕಳಿಸಿದ್ದಳು. ತಾಯಿ ತೀರಿ ವರ್ಷ ತುಂಬುವ ದಿನಕ್ಕೆ ಕೌದಿ ಬೇಕು, ಫೋಟೋದ ಮುಂದೆ ಹಾಸಿ ಪೂಜೆ ಮಾಡಿ ಆಮೇಲೆ ತಾನು ಹೊದೆಯುತ್ತೇನೆ ಅಂದಳು. ಫೋನಿನಲ್ಲಿ ಮಾತಾಡುತ್ತ ಆಡುತ್ತ ತಾಯಿಯ ಕೊನೆಯ ದಿನಗಳ ಮಾತಿಗೆ ಬಂದಳು.

“ಎಲ್ಡು ತಿಂಗ್ಳು ಗಂಟ್ಲಾಗೆ ಏನೂ ಇಳೀಲಿಲ್ಲಮ್ಮಾ. ನಳಿಗೇಲಿ ಗಂಜಿ ಬಿಡ್ತಿದ್ವಿ. ಹೋಗೋ ದಿನಾನೂ ರೊಟ್ಟಿ ಕೊಡೇ, ರೊಟ್ಟಿ ಕೊಡೇ ಅಂತಿದ್ಲು. ಡಾಕ್ಟ್ರು ಬ್ಯಾಡ ಅಂದಿದ್ರು. ಕೊಡಲಿಲ್ಲ ನಾನು.”

ಆ ಮಾತು ಕೆಂಚಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಹೊಟ್ಟೆ ಮುಚ್ಚುವ ದಿನ ಹೊಸದಾಗಿ ರೊಟ್ಟಿ ಬಡಿದಳು. ಉಗುರಿನಷ್ಟು ಹರಿದು ಕೈಯಲ್ಲಿ ಹಿಡಿದಳು. ಯಾಕೋ ಮನಸ್ಸಾಗಲಿಲ್ಲ. ಕಾಲುಭಾಗ ರೊಟ್ಟಿಯನ್ನೇ ಮಡಚಿ, ನಡುವೆ ಬೆಲ್ಲದ ಪುಡಿ ಉದುರಿಸಿ ಒಳಗಿಟ್ಟು ಹೊಲಿದಳು. ಮಾಲಾಳಿಗೆ ಹೇಳಲಿಲ್ಲ. ಮೇಲೆ ಕೈಯಾಡಿಸಿದರೆ ಸಣ್ಣ ಉಬ್ಬು, ಅಷ್ಟೇ.

ಪಾರ್ಸೆಲ್ ಕೂಡ್ಲಿಗಿಯಿಂದ ಹೊರಟಿತು. ಆರನೆಯ ದಿನ ಫೋನಿನಲ್ಲಿ ‘ತಲುಪಿದೆ’ ಅಂತ ಬಂತು. ಏಳನೆಯ ದಿನ ಪುಷ್ಪಲತಾ ಫೋನು ಮಾಡಿ, ಇನ್ನೂ ಬಂದಿಲ್ಲವಲ್ಲ ಅಂದಳು. ಒಂಬತ್ತನೆಯ ದಿನ ದನಿ ಬೇರೆಯಾಗಿತ್ತು. ಹತ್ತನೆಯ ದಿನ ಆ್ಯಪಿನಲ್ಲಿ ಕೆಂಚಕ್ಕನ ಫೋಟೋದ ಕೆಳಗೆ ಊರೆಲ್ಲ ಓದುವ ಹಾಗೆ ಬರೆದಳು. ಮಾಲಾ ಓದಲೋ ಬೇಡವೋ ಎಂದು ತಡವರಿಸಿ ಓದಿದಳು: “ಸತ್ತವರ ಸೀರೆ ನುಂಗಿದ ಮುದುಕಿ ಇವಳು. ಅದರಲ್ಲಿ ನಮ್ಮ ತಾಯಿಯ ಮದುವೆ ಸೀರೆ ಇತ್ತು. ಯಾರಿಗೆ ಮಾರಿದಳೋ. ನನಗೆ ಹಣ ಬೇಡ, ಸೀರೆ ಬೇಕು.”

ಕೆಂಚಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ವರ್ಷದ ದಿನ ಯಾವತ್ತು?”

“ಸೋಮಾರ, ದೊಡ್ಡವ್ವಾ. ಇನ್ನ ನಾಕ ದಿನ ಐತಿ.”

ಮರುದಿನ ಇಬ್ಬರೂ ಕೂಡ್ಲಿಗಿಗೆ ಹೋದರು. ಅಲ್ಲಿ ಪಾರ್ಸೆಲ್ ಕಳಿಸುವ ಅಂಗಡಿ ಗುರುಬಸವರಾಜನದು. ಅವನು ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದ.

“ನೋಡ್ರಿ ಅಜ್ಜಿ, ನನ್ನ ಕಡಿಂದ ಹೋಗೇತಿ. ಇಲ್ಲಿಂದ ಬಳ್ಳಾರಿ, ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಂದ ದಾವಣಗೆರಿ, ಆಮ್ಯಾಲೆ ಹರಪನಹಳ್ಳಿ.”

“ಅಲ್ಲೋ ಯಪ್ಪಾ, ಕೊಟ್ಟೂರ ಮ್ಯಾಲೆ ಬಸ್ ಹತ್ತಿದ್ರ ಮಧ್ಯಾಹ್ನಕ್ಕ ಮುಟ್ಟೋ ಊರಿಗಿ ಇಷ್ಟು ದೇಶ ತಿರುಗೇತಾ? ನನಗಿಂತ ಆ ಕೌದೀನ ಹೆಚ್ಚು ಊರು ನೋಡೇತಿ ಬಿಡು.”

ಗುರುಬಸವರಾಜ ನಕ್ಕ. ಆಮೇಲೆ ನಗು ನಿಲ್ಲಿಸಿ, “ತಲುಪಿದೆ ಅಂತ ತೋರಸ್ತೈತ್ರಿ. ಇದ್ರ ಮ್ಯಾಲೆ ನನ್ನ ಕೈಯಾಗೇನೂ ಇಲ್ಲ. ಕಂಪ್ಲೇಂಟ್ ಬರೀರಿ, ಹದಿನೈದು ದಿನದಾಗ ಉತ್ತರ ಬರ್ತೈತಿ” ಅಂದ.

“ಹದಿನೈದು ದಿನಕ್ಕ ವರ್ಷದ ದಿನ ಮುಗದು ಹೋಗಿರ್ತೈತಿ. ಹರಪನಹಳ್ಯಾಗ ಗೋಡೌನ್ ಎಲ್ಲೈತಿ, ಅದನ್ನ ಚೀಟ್ಯಾಗ ಬರಕೊಡು.”

ಗ್ರಂಥಾಲಯ ಭಾನುವಾರವೂ ತೆರೆದಿರುತ್ತದೆ, ಮಾಲಾಳಿಗೆ ರಜೆ ಸಿಗಲಿಲ್ಲ. ಶನಿವಾರ ಅದು ಇದು ಅನ್ನುವುದರಲ್ಲಿ ಹೋಯಿತು. ಭಾನುವಾರ ಮೊದಲ ಬಸ್ಸಿಗೆ ಕೆಂಚಕ್ಕ ಒಬ್ಬಳೇ ಹೊರಟಳು. ಕೊಟ್ಟೂರಿನಲ್ಲಿ ಇಳಿದು ಬೇರೆ ಬಸ್ ಹತ್ತಿದಳು. ಮದುವೆಯಾದ ಹೊಸದರಲ್ಲಿ ಶೇಂಗಾ ಕೀಳುವ ಕೂಲಿಗೆ ಇದೇ ದಾರಿಯಲ್ಲಿ ನಡೆದು ಬರುತ್ತಿದ್ದಳು. ಯಾವ ಹೊಲದವರು ಕುಡಿಯಲು ನೀರು ಕೊಟ್ಟಿದ್ದರು, ಯಾರು ಕೊಟ್ಟಿರಲಿಲ್ಲ ಎಂಬುದು ಅವಳಿಗೆ ಇಂದಿಗೂ ನೆನಪಿದೆ. ಆದರೆ ಅಂದು ಕಿಟಕಿಯಾಚೆ ನೋಡಲಿಲ್ಲ. ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು.

ಗೋಡೌನ್ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಮುಂದೆ ಮೋರಿ, ಮೇಲೆ ತಗಡು. ಅರಸೀಕೆರೆ ದಾರಿಯ ಪಾರ್ಸೆಲ್ ಕೊಡುವವನು ಪಕ್ಕೀರಪ್ಪ, ನಲವತ್ತು ದಾಟಿದ ಆಳು. ಚೀಟಿ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ.

“ಕೊಟ್ಟಾಗೈತೆ ಅಜ್ಜಿ. ಮೊಬೈಲಾಗೆ ತಲುಪಿದೆ ಅಂತ ಐತಲ್ಲ.”

“ಯಾರ ಕೈಗಿ ಕೊಟ್ಟೆಪ್ಪಾ?”

“ಅದೆಲ್ಲ ಎಲ್ಲಿ ನೆನಪಿರ್ತೈತೆ?”

“ನಿನಗ ನೆನಪಾಗೋತನ ಕುಂದರ್ತೀನಿ ತಗ” ಅಂದು ಕೆಂಚಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತಳು.

ಅವನು ಗಾಡಿ ತುಂಬಿಕೊಂಡು ಹೋದ, ಬಂದ. ಮತ್ತೆ ಹೋದ, ಬಂದ. ಅವಳು ಕೂತೇ ಇದ್ದಳು. ಒಂದು ಮಾತು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಬಿಸಿಲು ಮೆಟ್ಟಿಲಿಗೆ ಬಂದಾಗ ಎದುರು ಬಂದು ಕುಕ್ಕರಗಾಲಲ್ಲಿ ಕೂತ.

“ದಿನಕ್ಕೆ ತೊಂಬತ್ತು ಪಾರ್ಸೆಲ್ ಕೊಡಬೇಕಜ್ಜಿ. ಸಂಜೆ ಒಳಗೆ ಎಲ್ಲದಕ್ಕೂ ‘ತಲುಪಿದೆ’ ಅಂತ ಒತ್ತಲಿಲ್ಲ ಅಂದ್ರೆ ಮರುದಿನ ಬರಬ್ಯಾಡ ಅಂತಾರೆ. ಅವತ್ತು ಕತ್ಲಾಗಿತ್ತು. ಅರಸೀಕೆರೇದು ನಾಳೆ ಕೊಟ್ರಾತು ಅಂತ ಒತ್ತಿದೆ. ಮರುದಿನ ಮತ್ತೆ ತೊಂಬತ್ತು ಬಂದ್ವು. ಮರ್ತೇಬಿಟ್ಟೆ. ಇಬ್ರು ಹೆಣ್ಮಕ್ಳು ಅದಾರೆ, ಕಂಪ್ಲೇಂಟ್ ಒಂದು ಕೊಡಬ್ಯಾಡ.”

“ಕಂಪ್ಲೇಂಟ್ ತಗಂಡು ಏನ್ ಮಾಡ್ಲಿ? ಕೌದಿ ಹುಡುಕು ಏಳು.”

ಹಿಂದಿನ ಮೂಲೆಯಲ್ಲಿ, ಬಟ್ಟೆ ಪಾರ್ಸೆಲ್ಲುಗಳ ರಾಶಿಯ ಅಡಿಯಲ್ಲಿ ಅದು ಸಿಕ್ಕಿತು. ಮಾಲಾಳ ಅಕ್ಷರ ಕಂಡು ಕೆಂಚಕ್ಕ “ಇದ ನೋಡು” ಅಂದಳು. ಪಕ್ಕೀರಪ್ಪ ಎತ್ತಿ ತಿರುಗಿಸಿದ. ಅಡಿಭಾಗದಲ್ಲಿ ಚೀಲಕ್ಕೆ ತೂತು ಬಿದ್ದಿತ್ತು. ಅಲ್ಲಿಂದ ನೂಲಿನ ಹೊಟ್ಟು ಉದುರಿತು.

ನೆಲದ ಮೇಲೆ ಬಿಚ್ಚಿ ಹಾಸಿದರು. ಅಂಚುಗಳು ಅವಳು ಹೊಲಿದ ಹಾಗೇ ಇದ್ದವು. ನಡುವೆ ಮಾತ್ರ, ಮೊರದಗಲ, ಏನೂ ಇರಲಿಲ್ಲ. ಐದೂ ಸೀರೆಯ ಪದರಗಳು ಹಲ್ಲಿಗೆ ಸಿಕ್ಕು ನುಚ್ಚಾಗಿದ್ದವು. ಮದುವೆ ಸೀರೆಯ ಕೆಂಪು ಸೆರಗನ್ನು ಚೆಂದ ಕಾಣಲಿ ಅಂತ ಅವಳೇ ನಡುವೆ ಇಟ್ಟಿದ್ದಳು. ಅದರಲ್ಲಿ ಉಳಿದದ್ದು ನಾಲ್ಕು ಎಳೆ.

“ಇಲಿ” ಅಂದ ಪಕ್ಕೀರಪ್ಪ. ಸುತ್ತಲಿನ ಪಾರ್ಸೆಲ್ಲುಗಳನ್ನು ಒಂದೊಂದೇ ಎತ್ತಿ ನೋಡಿದ. “ಅಲ್ಲಜ್ಜಿ, ಇಷ್ಟು ಬಟ್ಟೆ ಬಿದ್ದಾವೆ, ಒಂದಕ್ಕೂ ಬಾಯಿ ಹಾಕಿಲ್ಲ. ಇದರಾಗೇನಿತ್ತು ಅಂಥಾದ್ದು?”

ಕೆಂಚಕ್ಕ ತೂತಿನ ಅಂಚಿಗೆ ಬೆರಳಿಟ್ಟಳು. ಬೆಲ್ಲ ಅಂಟಿದ ಒಂದು ಎಳೆ ಗಟ್ಟಿಯಾಗಿತ್ತು. ಅವಳು ಕೌದಿಯನ್ನು ಮಡಚತೊಡಗಿದಳು.

ಅರಸೀಕೆರೆಗೆ ಅವನೇ ಗಾಡಿಯಲ್ಲಿ ಕರೆದುಕೊಂಡು ಹೋದ. ಪುಷ್ಪಲತಾಳ ಮನೆಯಲ್ಲಿ ನಾಳೆಯ ಅಡುಗೆಗೆ ಅಕ್ಕಿ ಆರಿಸುತ್ತಿದ್ದರು. ಕೌದಿಯ ಗಂಟು ಕಂಡದ್ದೇ ಅವಳು ಓಡಿ ಬಂದು ತೆಕ್ಕೆಗೆ ತಗೊಂಡಳು. ಬಿಚ್ಚಿದಳು. ತೂತಿನೊಳಗಿಂದ ಅವಳ ಕೈ ಆಚೆ ಬಂತು.

“ಗೋಡೌನಾಗೆ ಇಲಿ ಕಡಿದಾವ್ರಿ ಅಕ್ಕಾರೆ” ಅಂದ ಪಕ್ಕೀರಪ್ಪ ತಲೆ ತಗ್ಗಿಸಿ. “ನನ್ನಿಂದ ತಡ ಆತು.”

“ನಿನ್ನಿಂದನಾ? ನಿನ್ನ ಹೊಟ್ಟೆಗೇನು ಅನ್ನ ತಿಂತೀಯೋ ಮಣ್ಣು ತಿಂತೀಯೋ? ನಾಳೆ ನಿನ್ನ ಕೆಲ್ಸ ತೆಗೆಸ್ಲಿಲ್ಲ ಅಂದ್ರೆ ಕೇಳು!”

ಕೆಂಚಕ್ಕ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರಬಹುದಾಗಿತ್ತು ಕೂಡ. ದಾರಿಯುದ್ದ ಅವಳು ಅದನ್ನೇ ಯೋಚಿಸಿದ್ದಳು.

“ಅವನು ತಡ ಮಾಡಿದ್ದು ಖರೇ ತಾಯಿ. ಆದ್ರ ಇಲಿ ಕರದಾಕಿ ನಾನು” ಅಂದಳು. “ನಿಮ್ಮವ್ವ ರೊಟ್ಟಿ ರೊಟ್ಟಿ ಅಂತ ಹೋದ್ಲು ಅಂದ್ಯಲ್ಲ. ಕೌದಿ ಹೊಟ್ಯಾಗ ಒಂದು ಚೂರು ಇಡೋದು ನಮ್ಮ ಪದ್ಧತಿ. ನಾನು ಕಾಲು ರೊಟ್ಟಿ ಬೆಲ್ಲ ಹಾಕಿ ಇಟ್ಟೆ. ಆಕಿ ತಿನ್ನಲಿ ಅಂತ.”

ಒಳಗಿದ್ದವರು ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದರು.

“ಆಕೆ ಬಾಯಿಗೆ ಒಂದು ಚೂರು ಹೋಗ್ಲಿಲ್ಲ” ಅಂದಳು ಪುಷ್ಪಲತಾ ಸಣ್ಣ ದನಿಯಲ್ಲಿ. “ಅದನ್ನೂ ಇಲಿ ತಿಂದ್ವು.”

“ಸೀರಿ ಕತ್ತರಿಸಿದ ತುಂಡು ಮನ್ಯಾಗ ಅದಾವ ತಾಯಿ. ತೇಪಿ ಹಾಕಿ ಕೊಡ್ತೀನಿ.”

“ಬ್ಯಾಡ. ಮುಟ್ಟಬ್ಯಾಡ್ರಿ.” ಅವಳು ಕೌದಿಯನ್ನು ಮಡಚಿದಳು, ತೂತು ಒಳಗೆ ಬರುವ ಹಾಗೆ. “ನೀವು ಹೇಳಬಾರದಾಗಿತ್ತಮ್ಮಾ. ಇವನ ಮ್ಯಾಲಾದ್ರೂ ಸಿಟ್ಟು ಇಟ್ಕಂಡು ಇರ್ತಿದ್ದೆ.”

ಬಾಗಿಲು ಮುಚ್ಚಿತು. ಬಡಿದು ಮುಚ್ಚಲಿಲ್ಲ, ಮೆಲ್ಲಗೆ ಮುಚ್ಚಿತು.

ಸೋಮವಾರ ಸಂಜೆ ಮಾಲಾ ಫೋನು ಹಿಡಿದು ಬಂದಳು. “ದೊಡ್ಡವ್ವಾ, ಆ ಮಾತು ತಗದುಬಿಟ್ಟಾರ ನೋಡು.”

“ಅಲ್ಲಿ ಏನು ಬರದಾರ ಈಗ?”

“ಏನೂ ಇಲ್ಲ. ಖಾಲಿ ಐತಿ.”

ಕೆಂಚಕ್ಕನ ತೊಡೆಯ ಮೇಲೆ ಯಾರದೋ ಬೇರೆ ಕೌದಿ ಇತ್ತು. ಸುತ್ತು ಹಾಕುತ್ತ ನಡುವಿಗೆ ಬಂದಿದ್ದಳು. ಅಂಗೈಯಗಲ ಜಾಗ ಉಳಿದಿತ್ತು. ಪಕ್ಕದ ತಟ್ಟೆಯಲ್ಲಿ ಬೆಳಗಿನ ರೊಟ್ಟಿ ಇತ್ತು. ಅವಳು ಅದರ ಕಡೆ ಕೈ ಚಾಚಿದಳು, ಮತ್ತೆ ಕೈ ಹಿಂದೆ ತಗೊಂಡಳು.

ಆಮೇಲೆ ಸೂಜಿಯ ಸಮೇತ ಕೌದಿಯನ್ನು ಮಾಲಾಳ ಕಡೆ ಸರಿಸಿದಳು.

“ಇದನ್ನ ನೀನ ಮುಚ್ಚು.”

“ನಾನಾ? ಹೊಟ್ಟೀನಾ?” ಮಾಲಾ ತಟ್ಟೆಯ ಕಡೆ ನೋಡಿದಳು. “ಚೂರು ಎಷ್ಟಿಡಬೇಕು?”

ಕೆಂಚಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ತಟ್ಟೆ ವಾಪಸ್ ಬರುತ್ತದೇನೋ ಎಂದು ಮಾಲಾ ಬಾಗಿಲ ಕಡೆ ನೋಡಿದಳು. ಆಮೇಲೆ ಹೊಲಿದಳು. ಬರಿದಾದ ಹೊಟ್ಟೆಯನ್ನು ಮುಚ್ಚಲು ಹೆಚ್ಚು ಹೊತ್ತು ಹಿಡಿಯಲಿಲ್ಲ.