“ಎಲ್ಲಾ ಚೆನ್ನಾಗೈತೆ ಮೇಡಂ”

ತಮ್ಮೂರು ನೆಗಮದಿಂದ ತುಡಿಯಲೂರಿಗೆ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ನಿಂತೇ ಬಂದರೂ ಗಂಡ ಹೇಳುವುದು ಅದೊಂದೇ ಮಾತು ಎಂದು ರುಕ್ಮಣಿಗೆ ಗೊತ್ತಿತ್ತು. ಸೈನ್ಯದಿಂದ ನಿವೃತ್ತರಾದವರಿಗೆಂದು ಶನಿವಾರ ನಡೆಯುವ ಆ ಸಭೆಯಲ್ಲಿ ಯಾರು ಅತ್ತರೂ ಯಾರು ಬೈದರೂ ಹವಾಲ್ದಾರ್ ಧನಪಾಲ್ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತು, ಚಹಾ ಕುಡಿದು, ಲೋಟ ತೊಳೆದಿಟ್ಟು ಎದ್ದು ಬರುತ್ತಿದ್ದ.

“ಮನೇಲಿ ಹೇಗಿದೆ ಸಾರ್?” ಆಪ್ತಸಮಾಲೋಚಕಿ ಶ್ರೀರಂಜನಿ ಕೇಳಿದಳು. ಸುತ್ತಲೂ ತಮಿಳಾದರೂ, ಇವರಂತೆ ಅವಳ ಮನೆಮಾತೂ ಕನ್ನಡವೇ.

“ಎಲ್ಲಾ ಚೆನ್ನಾಗೈತೆ ಮೇಡಂ.”

ರುಕ್ಮಣಿಗೆ ತಡೆಯಲಾಗಲಿಲ್ಲ. “ಏನು ಚೆನ್ನಾಗೈತೆ? ಕುಕ್ಕರ್ ಕೂಗಿದ್ರೆ ಇವರು ನುಗ್ಗಿ ಬಂದು ನನ್ನ ರಟ್ಟೆ ಹಿಡ್ದು ಹೊರಕ್ಕೆ ಎಳೀತಾರೆ. ಮಗಳು ನಿವೇತಾ ತನ್ ಮನೇಲೇ ಕಳ್ಳಿ ತರ ಸದ್ದಾಗ್ದಂಗೆ ಬಾಗಿಲು ಹಾಕ್ತಾಳೆ. ದೀಪಾವಳೀಲಿ ಪಟಾಕಿ ಹಚ್ಚಿದ ಪಕ್ಕದ್ಮನೆ ರಾಜಾಮಣಿ ಅಣ್ಣನ ಕಾಲರ್ ಹಿಡ್ದ್ರು, ಹೋಗಿ ಕೈ ಮುಗಿದು ಬಂದವಳು ನಾನು! ಎಲ್ರೂ ‘ಪೊರುಮೈ, ಪೊರುಮೈ’ ಅಂತಾರೆ, ತಾಳ್ಮೆ ಬೇಕಂತೆ. ಎಷ್ಟಂತ ತಾಳ್ಲಿ? ನಾನೇನು ಕಲ್ಲಾ?”

ಧನಪಾಲ್ ಎದ್ದು ಹೊರಟೇಹೋದ.

ರುಕ್ಮಣಿ ಹಿಂದೆಯೇ ಹೋದಾಗ ಅವನು ಗೇಟಿನ ಬಳಿ ಬೆನ್ನು ಹಾಕಿ ನಿಂತಿದ್ದ. “ಕಾರ್ತಿ ಅಂತ ಒಬ್ಬ. ನಮ್ ಗಡಿ ಪೋಸ್ಟಲ್ಲಿ ಅಡುಗೆ ಮಾಡ್ತಿದ್ದ,” ಎಂದ ತಿರುಗದೆಯೇ. “ಕುಕ್ಕರ್ ಕೂಗ್ತಿತ್ತು. ಶೆಲ್ ಬರೋ ಸದ್ದು ಯಾರಿಗೂ ಕೇಳಿಸ್ಲಿಲ್ಲ. ನಾನು ಅವನ್ನ ಹೊರಕ್ಕೆ ಎಳ್ಕೊಳ್ಳೋಷ್ಟರಲ್ಲಿ...”

ಅವಳ ಬಾಯಿಗೆ ಮೊದಲು ಬಂದದ್ದು ಸಿಟ್ಟೇ. “ಇದನ್ನ ಹೊಟ್ಟೇಲಿಟ್ಕೊಂಡು ನನಗೆ ಹುಚ್ಚು ಹಿಡಿಸಿದ್ರಲ್ಲ! ನನ್ ಮೇಲೆ ಕೋಪ ಅಂದ್ಕೊಂಡಿದ್ದೆ.”

“ನಿನ್ ಮೇಲಾ?” ಅವನು ನಿಜಕ್ಕೂ ಬೆಚ್ಚಿ ತಿರುಗಿದ. “ನಿನ್ನ ಉಳಿಸ್ಕೋಬೇಕು ಅಂತ ಅಲ್ವಾ...”

ಅಳುವುದೋ ಬೈಯುವುದೋ ತಿಳಿಯದೆ ರುಕ್ಮಣಿ ಎರಡನ್ನೂ ಮಾಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಒಳಗೆ ಹೋಗಿ ಆ ಮೇಡಂಗೆ ಹೇಳಿ,” ಎಂದಳು.

“ನೀನೇ ಹೇಳ್ಬಿಡು.”

“ನಾನ್ಯಾಕೆ ಹೇಳ್ಲಿ? ಸಾಕಾಗೈತೆ ನನಗೆ.”

ಅವನು ಒಳಗೆ ಹೋದ. ಶ್ರೀರಂಜನಿ ಅವನನ್ನು ಬೇರೆ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿಕೊಂಡಳು. ಊರಿನ ಬಸ್ಸು ತಪ್ಪಿಹೋಯಿತು. ಒಳಗಿನಿಂದ ಒಮ್ಮೆ ಅವನ ದನಿ ಏರಿತು, ಹಿಂದೆಯೇ ಅಳು. ಮದುವೆಯಾದಾಗಿನಿಂದ ಆ ಸದ್ದನ್ನು ರುಕ್ಮಣಿ ಕೇಳಿರಲಿಲ್ಲ. ಅವನ ಬಳಿಗೆ ಓಡಲು ಎದ್ದವಳು ಮತ್ತೆ ಬೆಂಚಿನ ಮೇಲೆ ಕೂತಳು.

ಕಣ್ಣು ಊದಿಸಿಕೊಂಡು ಹೊರಬಂದ ಧನಪಾಲ್, “ಮುಂದಿನ ವಾರ ನಾನೊಬ್ಬನೇ ಬರ್ತೀನಿ. ನಿನಗ್ಯಾಕೆ ತೊಂದ್ರೆ?” ಎಂದ.

“ಅಮ್ಮಾ, ನೀವೂ ಬನ್ನಿ,” ಹಿಂದೆ ಬಂದ ಶ್ರೀರಂಜನಿ ಹೇಳಿದಳು. “ಹೆಂಡತಿಯರಿಗೂ ಒಂದು ಗುಂಪು ಇದೆ.”

“ಬರ್ತೀನಿ,” ಎಂದಳು ರುಕ್ಮಣಿ. “ನಾನು ಶುರು ಮಾಡಿದ್ರೆ ಬೇಗ ಮುಗಿಯಲ್ಲ, ಹೇಳ್ಬಿಟ್ಟಿದ್ದೀನಿ.”