ಕ್ಲಿಯೋರಾಳ ತಲೆಗೂದಲು

"ಇವಳ ತಲೆ ಮುಟ್ಟಿದ್ದು ಯಾರು?"

ವರ್ಡೆಲ್ ಕೈಚೀಲವನ್ನು ಕುರ್ಚಿಯ ಮೇಲೆ ಎಸೆದಳು. ಒಳಗಿದ್ದ ಕಬ್ಬಿಣದ ಬಾಚಣಿಗೆಗಳು ಠಣ್ಣೆಂದವು. ಶವ ಸಿಂಗರಿಸುವ ಮೇಜಿನ ಮೇಲೆ ಕ್ಲಿಯೋರಾ ನೀಲಿ ಉಡುಪಿನಲ್ಲಿ ಮಲಗಿದ್ದಳು. ಅವಳ ನರೆಗೂದಲು ಅಲೆ ಅಲೆಯಾಗಿ ಹಣೆಯ ಮೇಲೆ ಕೂತಿತ್ತು. ಶವಸಂಸ್ಕಾರ ಶಾಸ್ತ್ರದ ಎರಡು ವರ್ಷದ ಪದವಿಗೆ ಓದುತ್ತಿದ್ದ ಲಟ್ರೀಸ್ ಕೈಗವಸು ಬಿಚ್ಚುತ್ತಾ, "ನಾನೇ, ಮಿಸ್ ವರ್ಡೆಲ್" ಎಂದಳು.

"ನೀನ್ಯಾವಳೇ ಮುಟ್ಟೋಕೆ? ನಾನು ಬರ್ತೀನಿ ಅಂತ ಇವಳ ಮಗಳು ಫೋನ್ ಮಾಡಿ ಹೇಳ್ಲಿಲ್ವಾ?"

ಹೇಳಿದ್ದಳು. ಈ ಅಂತ್ಯಸಂಸ್ಕಾರದ ಮನೆ ನಡೆಸುವ, ಲಟ್ರೀಸ್‌ಳ ಸೋದರಮಾವ ಥ್ಯಾಡಿಯಸ್ ಬೆಳಿಗ್ಗೆಯೇ ಅದನ್ನು ಅವಳಿಗೆ ಮುಟ್ಟಿಸಿದ್ದ. ನಮ್ಮ ಮೇಕನ್ ಊರಿನ ಕಪ್ಪು ಜನರಲ್ಲಿ, ಬದುಕಿದ್ದಾಗ ತಲೆ ಬಾಚುತ್ತಿದ್ದವಳೇ ಸತ್ತಾಗಲೂ ಬಂದು ಬಾಚಬೇಕು. ಕಾಲೇಜಿಗೆ ಅದೆಲ್ಲ ಎಲ್ಲಿ ಗೊತ್ತು! ಮೀಯಿಸುವುದರಿಂದ ಹಿಡಿದು ತಲೆ ಬಾಚುವವರೆಗೆ ಒಂದು ದೇಹದ ಕೆಲಸವನ್ನು ವಿದ್ಯಾರ್ಥಿ ತಾನೊಬ್ಬಳೇ ಮಾಡಿ ತೋರಿಸಬೇಕು. ಹೋದ ಸಲ ಮಾವ ಸತ್ತವನ ಕಾಲರಿನ ಗುಂಡಿ ಹಾಕಿಬಿಟ್ಟ ಅಂತ ಮೇಷ್ಟ್ರು ಇಡೀ ಕೆಲಸವನ್ನೇ ತಳ್ಳಿಹಾಕಿದ್ದರು. ಇದೂ ಹೋದರೆ ಪದವಿ ಈ ವರ್ಷ ಕೈತಪ್ಪಿದ ಹಾಗೆಯೇ. ಮಧ್ಯಾಹ್ನ ಮೇಷ್ಟ್ರು ನೋಡಲು ಬರುವವರಿದ್ದರು.

"ಬೇರೆಯವರ ಕೈ ಬಿದ್ರೆ ನಾನು ಫೇಲು" ಎಂದಳು ಲಟ್ರೀಸ್. ಅವಳಿಗೂ ರೇಗಿತು. "ಅಷ್ಟಕ್ಕೂ ಏನ್ ಕೆಟ್ಟೋಗಿದೆ? ತಪ್ಪಿದ್ರೆ ತೋರ್ಸಿ!"

"ಒಂದ್ ತಪ್ಪೂ ಇಲ್ಲ ಕಣೇ! ಅದಕ್ಕೇ ಹೊಟ್ಟೆ ಉರೀತಿರೋದು. ಕೆಟ್ಟದಾಗಿದ್ದಿದ್ರೆ ನಿನ್ನ ನಾಕು ಬೈದು ಬಿಚ್ಚಾಕ್ತಿದ್ದೆ." ವರ್ಡೆಲ್ ಕ್ಲಿಯೋರಾಳ ತಲೆಯತ್ತ ಬೆರಳು ತೋರಿಸಿದಳು. "ಇವಳಿಗೆ ಮಗಳು ಹುಟ್ಟೋಕೆ ಮುಂಚಿಂದ ಪ್ರತಿ ಶನಿವಾರ ಈ ತಲೆ ನನ್ನ ಕೈಲಿತ್ತು. ಗಂಡ ಬಿಟ್ಟೋದಾಗ ನನ್ನ ಅಂಗಡೀಲೇ ಕೂತು ಅತ್ತಳು. ಆಸ್ಪತ್ರೆಗೆ ಸೇರೋ ಮುಂಚೆ ಬಂದಿದ್ಲು. ಗಿರಾಕಿ ಜಾಸ್ತಿ, ಬರೋ ವಾರ ಬಾರೇ ಅಂತ ವಾಪಸ್ ಕಳಿಸ್ಬಿಟ್ಟೆ. ಆ ಬರೋ ವಾರ ಇದೇ ಕಣೇ! ಇದನ್ನೂ ಕಿತ್ಕೊಂಡ್ಯಲ್ಲ, ನಿನ್ನ ಮಾರ್ಕಿಗೆ ಬೆಂಕಿ ಬೀಳ!"

ಲಟ್ರೀಸ್‌ಗೆ ಮೈಯೆಲ್ಲ ಉರಿಯಿತು. ಈ ಮುದುಕಿಯ ಮೇಲೆ ಸಿಟ್ಟು, ಗುಂಡಿ ಹಾಕಿದ ಮಾವನ ಮೇಲೆ ಸಿಟ್ಟು, ಒಂದು ಗುಂಡಿಗೆ ವರ್ಷವನ್ನೇ ನುಂಗಲು ಹೊರಟ ಕಾಲೇಜಿನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಕೇಳಿಯೂ ಕೇಳದವಳ ಹಾಗಿದ್ದ ತನ್ನ ಮೇಲೇ ಸಿಟ್ಟು. ಅವಳು ದಡದಡನೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದಳು. ಪ್ಲಾಸ್ಟಿಕ್ ಹಾಳೆ ತಂದು ನೀಲಿ ಉಡುಪಿನ ಮೇಲೆ ಹೊದಿಸಿ, ಕ್ಲಿಯೋರಾಳ ತಲೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು.

"ಬನ್ನಿ. ನಾನು ತಲೆ ಎತ್ತಿ ಹಿಡೀತೀನಿ."

"ಮತ್ತೆ ನಿನ್ನ ಮೇಷ್ಟ್ರು?"

"ಬರ್ಲಿ, ಫೇಲ್ ಮಾಡ್ಲಿ! ನನ್ನ ಮನಸ್ಸು ಬದಲಾಗೋದ್ರೊಳಗೆ ಬನ್ನಿ ಅಂದ್ನಲ್ಲ!"

ವರ್ಡೆಲ್ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದಳು. "ಇನ್ನೂ ಮೇಲೆ ಹಿಡಿಯೇ, ಕೈಯಲ್ಲಿ ಶಕ್ತಿ ಇಲ್ವಾ?" ಎಂದು ಗದರಿದಳು. ಮಣಿಕಟ್ಟಿನ ಮೇಲೆ ನೀರು ಬಿಟ್ಟುಕೊಂಡು ಬಿಸಿ ನೋಡಿದಳು. ಕೂದಲು ನೆನೆಸಿ, ನೊರೆ ಬರುವಂತೆ ಸೋಪು ತಿಕ್ಕಿದಳು. ಮಗ್ಗಿನಲ್ಲಿ ನೀರು ತುಂಬಿ ಹಣೆಯ ಹತ್ತಿರ ತಂದಳು.

"ಕಣ್ ಮುಚ್ಕೊಳ್ಳೇ, ಒಳಗೆ ಸೋಪು ಹೋಗುತ್ತೆ" ಎಂದು ಕ್ಲಿಯೋರಾಳಿಗೆ ಅಂದಳು.

ಮಗ್ಗು ಹಿಡಿದ ಕೈ ಅಲ್ಲೇ ನಿಂತಿತು. ಲಟ್ರೀಸ್ ಒಂದು ಕೈಯಲ್ಲಿ ತಲೆ ಹಿಡಿದುಕೊಂಡೇ, ಇನ್ನೊಂದರಲ್ಲಿ ಒಣ ಟವೆಲು ಎಳೆದುಕೊಂಡು ಕ್ಲಿಯೋರಾಳ ಮುಚ್ಚಿದ ಕಣ್ಣುಗಳ ಮೇಲೆ ಇಟ್ಟಳು.