ಕೋಣೆಯ ಸದ್ದು

"ಈ ಹಿರಿಯರನ್ನ ಕಿಟಕಿಗೆ ಬೆನ್ನು ಮಾಡಿ ಯಾಕೆ ಕೂರಿಸಿದೆ? ಮುಖಕ್ಕೆ ಬೆಳಕೇ ಬಿದ್ದಿಲ್ಲ."

ಅತ್ತಿಗೆ ಎಡಗೈಯಲ್ಲಿ ಗುಂಡಿ ಒತ್ತಿ ಪರದೆಯ ಮೇಲೆ ಓಡುತ್ತಿದ್ದ ಚಿತ್ರವನ್ನು ನಿಲ್ಲಿಸಿದಳು. ಬಲಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. ಹಿಂದೆ ನಿಂತಿದ್ದ ನಾದಿನಿ, ಬೇರೆ ಕಡೆ ಕೂರಿಸಿದರೆ ಯಂತ್ರಗಳು ಅಡ್ಡ ಬರುತ್ತಿದ್ದವು ಎಂದಳು. ಇದು ಏಳನೆಯ ತಪ್ಪು. ಮೊದಲ ಆರಕ್ಕೂ ಅವಳ ಬಳಿ ಹೀಗೇ ಒಂದೊಂದು ಕಾರಣವಿತ್ತು. ಎಲ್ಲವೂ ನಂಬುವಂಥವೇ ಆಗಿದ್ದದ್ದು ಅತ್ತಿಗೆಗೆ ಇನ್ನಷ್ಟು ಸಿಟ್ಟು ತರಿಸಿತು.

ಮಧ್ಯಾಹ್ನ ಎರಡಾಗಿತ್ತು. ನಾಲ್ಕಕ್ಕೆ ತೂಕದ ಯಂತ್ರಗಳ ಕಾರ್ಖಾನೆಯ ಒಡತಿ ಚಿತ್ರ ನೋಡಲು ಬರುವವರಿದ್ದರು.

ಹನ್ನೆರಡು ವರ್ಷದಿಂದ ಅತ್ತಿಗೆ ವಿಡಿಯೋ ಮಾಡಿಕೊಂಡು ಬಂದಿದ್ದಳು. ಅವಳ ಕಾರ್ಡಿನಲ್ಲಿ ಸಂಸ್ಥೆಯ ಹೆಸರಿನ ಪಕ್ಕ 'ಮತ್ತು ಬಳಗ' ಎಂದಿತ್ತು. ಬಳಗವೆಂದರೆ ಅವಳು, ಎರಡು ಕ್ಯಾಮೆರಾ, ಮುಂಜಾನೆ ಹಠ ಹಿಡಿಯುವ ಒಂದು ಹಳೆಯ ಕಾರು. ಮದುವೆಯೋ ಶಾಲೆಯ ನಾಟಕವೋ, ಕರೆದಲ್ಲಿಗೆ ಹೋಗಿ, ತಾನೇ ಬೆಳಕು ಹೊಂದಿಸಿ, ತಾನೇ ತೆಗೆದು, ತಾನೇ ಕತ್ತರಿಸಿ ಜೋಡಿಸಿ ಕೊಡಬೇಕು. ಆಮೇಲೆ ಮುಂದಿನ ಕರೆಗೆ ಕಾಯಬೇಕು. ಯಾರೂ ಕರೆಯದ ತಿಂಗಳಲ್ಲಿ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಗಂಡನಿಗೆ ಹೇಳುವಳು. ಅವನೂ ನಂಬಿದವನಂತೆ ತಲೆಯಾಡಿಸುವನು. ವರ್ಷವಿಡೀ ತಿಂಗಳಿಗೊಂದು ಚಿತ್ರ ಬೇಕು ಎಂದು ಕೇಳಿದವರು ಈ ಕಾರ್ಖಾನೆಯವರೊಬ್ಬರೇ. ಆ ಒಪ್ಪಂದ ಕುದುರಿದರೆ ಕೆಲಸ ಮೊದಲ ಸಲ ತನ್ನ ಕಾಲ ಮೇಲೆ ತಾನು ನಿಲ್ಲುತ್ತಿತ್ತು. ಒಡತಿಯ ಷರತ್ತು ಒಂದೇ: ಅತ್ತಿಗೆಯ ಕೈ ನೋಡಿ ಕೊಡುತ್ತಿರುವ ಕೆಲಸ, ಅವಳೇ ಬರಬೇಕು.

ಅದೇ ವಾರ ಆ ಕೈ ಕೈಕೊಟ್ಟಿತು. ಹನ್ನೆರಡು ವರ್ಷ ಟ್ರೈಪಾಡ್ ಹೊತ್ತ ಭುಜ ಒಂದು ಬೆಳಿಗ್ಗೆ ಮೇಲೇಳಲಿಲ್ಲ. ಈ ತೋಳಲ್ಲಿ ಇನ್ನು ಭಾರ ಎತ್ತುವುದನ್ನು ಮರೆತುಬಿಡಿ ಎಂದು ಡಾಕ್ಟರು ಮುಖ ಎತ್ತದೆ ಬರೆಯುತ್ತಲೇ ಹೇಳಿದರು. ತಾನು ತೆಗೆಯಲಾರದ ಮೇಲೆ ಬೇರೆ ಯಾರಾದರೂ ತೆಗೆಯಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಹಾಗಾಗಿ ನಾದಿನಿ ಹೋದಳು. ಒಂಬತ್ತು ವರ್ಷ ಸ್ಟುಡಿಯೋ ಒಂದರಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದವಳು. ಜನರಿಗೆ ನಗಬೇಡಿ ಎಂದು ಹೇಳುವುದರಲ್ಲಿ ಎತ್ತಿದ ಕೈ. ಭುಜದ ನೋವು, ಈ ಸಲಕ್ಕೆ ಮಾತ್ರ ಎಂದು ಅತ್ತಿಗೆ ಹೇಳಿದ್ದಕ್ಕೆ ಒಡತಿ ಮೂಗು ಮುರಿದರೂ, ಮೊದಲನೆಯದನ್ನು ನೋಡಿ ಆಮೇಲೆ ಮಾತಾಡೋಣ ಎಂದಿದ್ದರು. ಏನು ತೆಗೆಯಬೇಕು, ಹೇಗೆ ತೆಗೆಯಬೇಕು ಎಂದು ಅತ್ತಿಗೆ ನಾಲ್ಕು ಪುಟ ಬರೆದು ಕಳಿಸಿದ್ದಳು.

ಚಿತ್ರವಿದ್ದದ್ದು ಮೂವತ್ತೆಂಟು ವರ್ಷ ಅಲ್ಲಿ ತೂಕದ ಯಂತ್ರಗಳನ್ನು ಪರೀಕ್ಷಿಸಿ ನಿವೃತ್ತರಾಗುತ್ತಿದ್ದ ಹಿರಿಯರ ಬಗ್ಗೆ. ಅವರೋ, ಕಚೇರಿಯವರು ಬರೆದುಕೊಟ್ಟದ್ದನ್ನು ಚಾಚೂ ತಪ್ಪದೆ ಒಪ್ಪಿಸಿದ್ದರು. ಸಂಸ್ಥೆ ನನಗೆ ಎಲ್ಲವನ್ನೂ ಕೊಟ್ಟಿತು, ನಾನು ಸದಾ ಋಣಿ. ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಕೂತವರಂತಿತ್ತು. ಮತ್ತೊಮ್ಮೆ ತೆಗೆಯೋಣವೆಂದರೆ ನಿನ್ನೆಯೇ ಅವರ ಕೊನೆಯ ದಿನ, ಬೆಳಗಿನ ರೈಲಿಗೆ ಮಗಳ ಊರಿಗೆ ಹೊರಟೂ ಆಗಿತ್ತು. ಇದನ್ನು ತೋರಿಸಿದರೆ ಒಪ್ಪಂದ ಕುದುರುವುದಿಲ್ಲ.

"ಇದೊಂದು ಉದ್ದಕ್ಕಿದೆಯಲ್ಲ, ಇದೇನು?" ಕೊನೆಯ ತುಣುಕನ್ನು ತೋರಿಸಿ ಕೇಳಿದಳು.

"ಅದು ಕೆಲಸಕ್ಕೆ ಬರಲ್ಲ ಅತ್ತಿಗೆ. ಕೋಣೆಯ ಸದ್ದು. ಕ್ಯಾಮೆರಾ ಆರಿಸೋದು ಮರೆತುಬಿಟ್ಟೆ."

ಯಾರೂ ಮಾತಾಡದ ಕೋಣೆಗೂ ತನ್ನದೊಂದು ಸದ್ದಿರುತ್ತದೆ. ಮಾತು ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಅದು ಬೇಕು. ಅದಕ್ಕೇ ಎಲ್ಲಿ ಹೋದರೂ ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ ಮೂವತ್ತು ಸೆಕೆಂಡು ಆ ಸದ್ದನ್ನಷ್ಟೇ ಹಿಡಿದುಕೊಳ್ಳುತ್ತಾರೆ. ಆಗ ಚಿತ್ರ ಬೇಕಿಲ್ಲ. ಅತ್ತಿಗೆ ಆ ಹೊತ್ತಿನಲ್ಲಿ ಎಂದೂ ಚಿತ್ರ ತೆಗೆದವಳಲ್ಲ.

ಈಗ ಹಾಕಿ ನೋಡಿದಳು. ಕೆಲಸ ಮುಗಿಯಿತೆಂದುಕೊಂಡ ಹಿರಿಯರ ಭುಜಗಳು ಇಳಿದಿದ್ದವು. ದೂರದಲ್ಲೆಲ್ಲೋ ಒಂದು ಫ್ಯಾನು ತಿರುಗುತ್ತಿತ್ತು. ಅವರು ಕೈ ಚಾಚಿ ಪಕ್ಕದಲ್ಲಿದ್ದ ತೂಕದ ಯಂತ್ರದ ತಟ್ಟೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದರು. ಮುಳ್ಳು ಅತ್ತಿತ್ತ ಓಡಿತು. ಅದು ನಿಲ್ಲುವವರೆಗೂ ಬಗ್ಗಿ ನೋಡಿದರು. ಆಮೇಲೆ ತಲೆಯೆತ್ತಿ ಸಾಲಾಗಿ ನಿಂತ ಮೇಜುಗಳನ್ನು, ಬಾಗಿಲನ್ನು, ಮೇಲಿನ ತಗಡನ್ನು ಒಂದೊಂದಾಗಿ ನೋಡುತ್ತ ಹೋದರು. ಮೂವತ್ತು ಸೆಕೆಂಡು ಕಳೆಯಿತು, ಒಂದು ನಿಮಿಷವಾಯಿತು. ಎರಡನೆಯ ನಿಮಿಷದ ಕೊನೆಗೆ ಯಾರಿಗೋ ಲೆಕ್ಕ ಒಪ್ಪಿಸುವವರಂತೆ ಮೆಲ್ಲಗೆ ಎಂದರು: "ಸರಿಯಾಗಿದೆ."

"ಇಷ್ಟು ಹೊತ್ತು ಯಾಕೆ ಬಿಟ್ಟೆ?"

"ಅವರು ನೋಡ್ತಾ ಇದ್ರು ಅತ್ತಿಗೆ. ಸಾಕು ಅನ್ನೋಕೆ ಮನಸ್ಸು ಬರಲಿಲ್ಲ."

ಅತ್ತಿಗೆಗೆ ಹೊಟ್ಟೆಕಿಚ್ಚಾಯಿತು. ಇದಕ್ಕೆ ಬೇರೆ ಹೆಸರಿಲ್ಲ. ತಾನಾಗಿದ್ದರೆ ಗಡಿಯಾರ ನೋಡಿ, ಥ್ಯಾಂಕ್ಸ್ ಹೇಳಿ, ಅವರು ತಟ್ಟೆ ಮುಟ್ಟುವ ಮೊದಲೇ ತಂತಿ ಸುತ್ತುತ್ತಿದ್ದಳು. ಎಷ್ಟು ಜನರ ಮುಂದೆ ಹಾಗೆ ಸುತ್ತಿದ್ದಳೋ. ಮುಖ ತಿರುಗಿಸದೆಯೇ, ಕುರ್ಚಿ ಎಳೆದುಕೊಂಡು ಕೂತುಕೋ, ಜೋಡಿಸೋಣ ಎಂದಳು. ಋಣಿ, ಸದಾ ಎಂಬ ಮಾತುಗಳೆಲ್ಲ ಹೋದವು. ಹಿರಿಯರು ತಮ್ಮ ಹೆಸರು ಮತ್ತು ಎಷ್ಟು ವರ್ಷವೆಂದು ಹೇಳಿದ್ದು ಉಳಿಯಿತು. ಅದರ ಹಿಂದೆಯೇ ಆ ಎರಡು ನಿಮಿಷ.

ಒಡತಿ ಹೇಳಿದ ಹೊತ್ತಿಗೇ ಬಂದರು. ನೋಡುವಾಗ ಅವರ ಚೀಲ ತೊಡೆಯಿಂದ ಜಾರಿತು, ಎತ್ತಿಕೊಳ್ಳಲಿಲ್ಲ. ಚಿತ್ರ ಮುಗಿದ ಮೇಲೂ ಅದು ನೆಲದಲ್ಲೇ ಇತ್ತು.

"ಅವರು ಅಷ್ಟು ಹೊತ್ತು ಕೂತಿದ್ದನ್ನ ನಾನು ಯಾವತ್ತೂ ನೋಡಿಲ್ಲ," ಎಂದರು. ಆಮೇಲೆ ಅತ್ತಿಗೆಯ ಕಡೆ ತಿರುಗಿದರು. "ಹೀಗೆ ತೆಗಿ ಅಂತ ನೀವೇ ಬರೆದು ಕಳಿಸಿದ್ರಾ?"

ಹೌದು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಹೌದೆಂದರೆ ಒಪ್ಪಂದ ಕುದುರುತ್ತದೆ, ಚಿತ್ರದ ಹಿಂದಿನ ಕೈಯೂ ತನ್ನದೆಂದೇ ಉಳಿಯುತ್ತದೆ. ನಾದಿನಿ ಎದುರು ಹೇಳುವವಳಲ್ಲ. ಚೀಲ ಎತ್ತಿಕೊಡುವ ನೆಪದಲ್ಲಿ ಬಗ್ಗಿ ನಿಂತಿದ್ದಳು.

"ಇಲ್ಲ," ಎಂದಳು ಅತ್ತಿಗೆ. "ನಾನಿದ್ದಿದ್ರೆ ಇದು ಸಿಗ್ತಾನೇ ಇರಲಿಲ್ಲ. ಇದು ಪೂರ್ತಿ ಇವಳದ್ದು. ನನ್ನ ತೋಳು ಇನ್ನು ಕ್ಯಾಮೆರಾ ಎತ್ತಲ್ಲ, ಅದನ್ನೂ ಇವತ್ತೇ ಹೇಳಿಬಿಡ್ತೀನಿ."

ಒಡತಿ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು.

"ಮುಂದಿನ ತಿಂಗಳು ಅಚ್ಚು ಹೊಯ್ಯೋ ವಿಭಾಗ," ಎಂದರು. "ಇವರೇ ಬರಲಿ."

ಒಪ್ಪಂದದ ಕಾಗದ ವಾರದೊಳಗೆ ಕಳಿಸುವುದಾಗಿ ಹೇಳಿ ಹೊರಟರು. ನಾದಿನಿ ಕಾರಿನವರೆಗೆ ಬಿಟ್ಟುಬರಲು ಹೋದಳು. ಅತ್ತಿಗೆ ಹಗುರಾಗಿದ್ದಳು. ಎದ್ದು ಕಿಟಕಿಯ ಹತ್ತಿರ ಬಂದಳು. ಕೆಳಗೆ ಕಾರಿನ ಪಕ್ಕ ಇಬ್ಬರೂ ನಿಂತೇ ಇದ್ದರು. ಒಡತಿ ಏನೋ ವಿವರಿಸುತ್ತಿದ್ದರು. ನಾದಿನಿ ಎರಡೂ ಕೈ ಎತ್ತಿ ಗಾಳಿಯಲ್ಲೊಂದು ಚೌಕ ಮಾಡಿ, ಒಂದು ಕಣ್ಣು ಮುಚ್ಚಿ ಅದರೊಳಗಿಂದ ರಸ್ತೆಯನ್ನು ನೋಡಿದಳು. ಚೌಕ ಸ್ವಲ್ಪ ಓರೆಯಾಗಿತ್ತು. ನೆಟ್ಟಗೆ ಹಿಡಿ ಎಂದು ಕೂಗಿ ಹೇಳಬೇಕೆನಿಸಿ ಅತ್ತಿಗೆಯ ಎಡಗೈ ಕಿಟಕಿಯ ಚಿಲಕದವರೆಗೆ ಹೋಯಿತು. ಅಲ್ಲೇ ಒಂದಿಷ್ಟು ಹೊತ್ತು ಇತ್ತು. ಆಮೇಲೆ ಅವಳು ಕಿಟಕಿ ತೆರೆಯದೆ, ಗಾಜಿನ ಈಚೆಯಿಂದಲೇ ನೋಡುತ್ತ ನಿಂತಳು.